ಅಖೈರು ಶಿಲ್ಕು: ವರ್ಷದ ಕಡೆಯಲ್ಲಿ ಮುಂದಾಳು ಒಪ್ಪಿಸಬೇಕಾದ ಲೆಕ್ಕ

ಕರ್ನಾಟಕದ ಒಂದು ಸಾಧಾರಣ ಊರಿನಲ್ಲಿಯೇ ವರ್ಷವು ಒಂದಕ್ಕಿಂತ ಹೆಚ್ಚು ಸಲ ಮುಗಿಯುತ್ತದೆ. ಗೋಡೆಯ ಕ್ಯಾಲೆಂಡರಿನ ವರ್ಷವು ಡಿಸೆಂಬರ್ 31ಕ್ಕೆ ಮುಗಿದರೆ, ಸಂಘ ಸಂಸ್ಥೆಗಳ ಲೆಕ್ಕದ ವರ್ಷವು ಮಾರ್ಚ್ 31ಕ್ಕೆ ಮುಗಿಯುತ್ತದೆ. ಪಂಚಾಂಗದ ಸಂವತ್ಸರವು ಫಾಲ್ಗುಣದ ಅಮಾವಾಸ್ಯೆಗೆ ತೀರಿ ಯುಗಾದಿಯಂದು ಹೊಸದಾಗುತ್ತದೆ. ವ್ಯಾಪಾರಸ್ಥರಲ್ಲಿ ಹಲವರು ದೀಪಾವಳಿಯ ಪಾಡ್ಯದಂದು ಹೊಸ ವಹಿಗೆ ಪೂಜೆ ಸಲ್ಲಿಸಿ ಹೊಸ ಖಾತೆಯನ್ನು ತೆರೆಯುತ್ತಾರೆ. ಕಾಲಪ್ರವಾಹಕ್ಕೆ ಇಂಥ ಗೆರೆಗಳಿಲ್ಲ. ಗೆರೆಗಳನ್ನು ಎಳೆದುಕೊಂಡವನು ಮನುಷ್ಯ. ಹನ್ನೆರಡನೆಯ ಶತಮಾನದ ಶರಣರಿಗೆ ಈ ಸತ್ಯವು ಚೆನ್ನಾಗಿ ತಿಳಿದಿತ್ತು. ಆದುದರಿಂದಲೇ ಅವರು ತಿಥಿ, ವಾರ, ನಕ್ಷತ್ರಗಳಲ್ಲಿ ಒಳಿತು ಕೆಡುಕುಗಳನ್ನು ಹುಡುಕುವ ನಂಬಿಕೆಯನ್ನು ಒಪ್ಪಲಿಲ್ಲ. ಶಿವನನ್ನು ನೆನೆದ ಗಳಿಗೆಯೇ ಅವರಿಗೆ ಶುಭಗಳಿಗೆಯಾಗಿತ್ತು.

ಹಾಗಾದರೆ ಶರಣಮಾರ್ಗದಲ್ಲಿ ನಡೆಯುವವರಿಗೆ ವರ್ಷಾಂತ್ಯವೆಂಬುದು ಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಶುಭದಿನವೆಂಬ ಅರ್ಥದಲ್ಲಿ ಬೇಕಾಗಿಲ್ಲ. ಆದರೆ ಲೆಕ್ಕದ ದಿನವೆಂಬ ಅರ್ಥದಲ್ಲಿ ಖಂಡಿತವಾಗಿಯೂ ಬೇಕು. ಅದರಲ್ಲಿಯೂ ಹತ್ತು ಜನರ ಮುಂದಾಳಾಗಿ ನಿಂತವರಿಗೆ ಬೇಕೇಬೇಕು. ಒಬ್ಬ ಗೃಹಸ್ಥನು ತನ್ನ ಲೆಕ್ಕವನ್ನು ಮರೆತರೆ ಒಂದು ಮನೆ ತೊಂದರೆಗೆ ಈಡಾಗುತ್ತದೆ. ಮಠದ ವ್ಯವಸ್ಥಾಪಕ, ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷ, ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ, ಅಕ್ಕನ ಬಳಗದ ಅಧ್ಯಕ್ಷೆ, ಜಾತ್ರಾ ಸಮಿತಿಯ ಹಿರಿಯ, ಇವರಲ್ಲಿ ಯಾರೇ ಲೆಕ್ಕವನ್ನು ಮರೆತರೂ ಒಂದು ಊರಿನ ನಂಬಿಕೆಗೆ ಪೆಟ್ಟು ಬೀಳುತ್ತದೆ. ಹೊಲದಲ್ಲಿ ಬೆಳೆ ಕೆಟ್ಟರೆ ಮರುವರ್ಷ ಬೆಳೆಯಬಹುದು; ಕೆಟ್ಟ ನಂಬಿಕೆಯು ಒಂದು ತಲೆಮಾರು ಕಳೆದರೂ ಚಿಗುರದು.

ವರ್ಷದ ಕಡೆಯಲ್ಲಿ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಅಚ್ಚಾಗುತ್ತದೆ. ವೇದಿಕೆ ಸಿದ್ಧವಾಗುತ್ತದೆ. ಕಾರ್ಯದರ್ಶಿಗಳು ವರದಿ ವಾಚನ ಮಾಡುತ್ತಾರೆ. ಕಟ್ಟಿದ ಕೊಠಡಿಗಳು, ನಡೆಸಿದ ಶಿಬಿರಗಳು, ಬಂದ ಗಣ್ಯರು ಇವೆಲ್ಲವೂ ಆ ವರದಿಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಶಾಲು ಹೊದಿಸಿ, ಫಲಪುಷ್ಪಗಳನ್ನಿತ್ತು ಸನ್ಮಾನಗಳಾಗುತ್ತವೆ. ಬರುವ ವರ್ಷದ ಸಂಕಲ್ಪಗಳನ್ನು ಘೋಷಿಸಲಾಗುತ್ತದೆ. ಇವುಗಳಲ್ಲಿ ಯಾವುದೂ ತಾನಾಗಿ ತಪ್ಪಲ್ಲ. ಆದರೆ ಅದೇ ಸಂಸ್ಥೆಯ ಪ್ರಸಾದನಿಲಯದಲ್ಲಿ ಅಡುಗೆ ಮಾಡುವ ತಾಯಿಗೆ ಎರಡು ತಿಂಗಳ ಸಂಬಳ ಬಾಕಿಯಿದ್ದು, ವೇದಿಕೆಯ ಹೂವಿನ ಅಲಂಕಾರಕ್ಕೆ ಅಂದೇ ಹಣ ಪಾವತಿಯಾಗಿದ್ದರೆ, ಅಲ್ಲಿ ವರ್ಷವು ಮುಗಿದಂತಾಗಲಿಲ್ಲ. ಅದರ ಮೇಲೆ ಪರದೆಯನ್ನು ಎಳೆದಂತಾಯಿತು ಅಷ್ಟೆ. ವರ್ಷವನ್ನು ಚೆನ್ನಾಗಿ ಮುಗಿಸುವುದೆಂದರೆ ಸಾಧನೆಯನ್ನು ಎಣಿಸುವುದಕ್ಕಿಂತ ಮೊದಲು ಋಣವನ್ನು ಎಣಿಸುವುದು. ಶರಣರ ಬದುಕನ್ನು ಈ ದೃಷ್ಟಿಯಿಂದ ಅವಲೋಕಿಸಿದರೆ ಅಲ್ಲಿ ದೊರೆಯುವ ಪಾಠಗಳು ಇಂದಿನ ಮುಂದಾಳುಗಳಿಗೆ ನೇರವಾಗಿ ತಾಕುತ್ತವೆ.

ಮೊದಲಿಗೆ ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯಬೇಕು. ಡಿಸೆಂಬರ್ ಕಳೆದು ಹದಿನೈದು ದಿನಗಳಾಗುವಷ್ಟರಲ್ಲಿ ಮಕರ ಸಂಕ್ರಾಂತಿ ಬರುತ್ತದೆ. ಅದೇ ಸಮಯದಲ್ಲಿ ಸೊಲ್ಲಾಪುರದಲ್ಲಿ ಸಿದ್ಧರಾಮರ ಜಾತ್ರೆ ನೆರೆಯುತ್ತದೆ, ನಾಡಿನ ಹಲವೆಡೆ ಅವರ ಜಯಂತಿಯೂ ಜರುಗುತ್ತದೆ. ಹೀಗೆ ವರ್ಷದ ಹೊಸ್ತಿಲಲ್ಲಿ ನೆನಪಿಗೆ ಬರುವ ಶರಣರು ಅವರು. ಕೆರೆಯನ್ನು ಕಟ್ಟಿಸಿದವರು, ದೇಗುಲಗಳನ್ನು ನಿರ್ಮಿಸಿದವರು, ಹಸಿದವರಿಗೆ ಅನ್ನವಿಕ್ಕಿದವರು, ದೊಡ್ಡ ಜನಸಮುದಾಯವನ್ನು ಲೋಕಹಿತದ ಕೆಲಸಕ್ಕೆ ಹಚ್ಚಿದವರು. ರಾಘವಾಂಕನು ಅವರ ಚರಿತೆಯನ್ನೇ ಕಾವ್ಯವನ್ನಾಗಿ ರಚಿಸಿದನು. ವಾರ್ಷಿಕ ವರದಿ ಎಂಬುದು ಆಗ ಇದ್ದಿದ್ದರೆ ಸಿದ್ಧರಾಮರ ವರದಿಯಷ್ಟು ತುಂಬಿದ ವರದಿ ಇನ್ನೊಂದಿರುತ್ತಿರಲಿಲ್ಲ.

ಅಂಥ ಸಿದ್ಧರಾಮರ ಎದುರಿಗೆ ಅಲ್ಲಮಪ್ರಭುದೇವರು ಬಂದು ನಿಂತ ಪ್ರಸಂಗವನ್ನು ಶೂನ್ಯಸಂಪಾದನೆಯು ಬಣ್ಣಿಸುತ್ತದೆ. ಪ್ರಭುದೇವರು ಅಲ್ಲಿಯ ಕೆರೆ ಗುಡಿಗಳನ್ನು ಹೊಗಳಲಿಲ್ಲ. ಇಷ್ಟೆಲ್ಲ ಕಟ್ಟಿದ ಕೈಗಳ ಒಡೆಯನು ತನ್ನೊಳಗನ್ನು ಕಟ್ಟಿಕೊಂಡಿರುವನೇ ಎಂಬುದು ಅವರ ಪ್ರಶ್ನೆಯ ತಿರುಳಾಗಿತ್ತು. ಕೆಲಸದಲ್ಲಿ ತೊಡಗಿದ್ದ ಜನರು ಸಿಟ್ಟಿಗೆದ್ದರು. ಕಲ್ಲನ್ನೂ ಎಸೆದರು ಎನ್ನುತ್ತದೆ ಆ ಕಥನ. ಸಿದ್ಧರಾಮರಿಗೂ ಮೊದಲು ಕೋಪವೇ ಬಂದಿತು. ಆದರೆ ಕಡೆಗೆ ಅವರು ಆ ಪ್ರಶ್ನೆಯನ್ನು ಒಳಗೆ ಬಿಟ್ಟುಕೊಂಡರು, ಕಲ್ಯಾಣಕ್ಕೆ ಹೋದರು, ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಈ ಪ್ರಸಂಗದಲ್ಲಿ ಕೆರೆಯನ್ನು ಕಟ್ಟಿದ್ದು ವ್ಯರ್ಥವೆಂಬ ಅರ್ಥವಿಲ್ಲ. ಕಟ್ಟಿದವನು ಕಟ್ಟಿದ್ದರ ಹಿಂದೆ ಅಡಗಿಕೊಳ್ಳಬಾರದೆಂಬ ಎಚ್ಚರವಿದೆ. ಸಂಸ್ಥೆಯೊಂದರ ಮುಂದಾಳಿಗೆ ವರ್ಷದಲ್ಲಿ ಒಮ್ಮೆಯಾದರೂ ಇಂಥ ಪ್ರಶ್ನೆಯನ್ನು ಕೇಳುವವರು ಬೇಕು. ಕೇಳುವವರು ಇಲ್ಲದಿದ್ದರೆ ಅದು ಅವನ ಹಿರಿಮೆಯನ್ನು ತೋರಿಸುವುದಿಲ್ಲ. ಅವನ ಸುತ್ತಲಿನವರು ಬಾಯಿ ಬಿಡಲು ಹೆದರುತ್ತಾರೆ ಎಂಬುದನ್ನಷ್ಟೇ ತೋರಿಸುತ್ತದೆ.

ಎರಡನೆಯ ಪಾಠವು ಆಯ್ದಕ್ಕಿ ದಂಪತಿಗಳದು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮನವರ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದಾಗಿತ್ತು. ಆಯ್ದ ಅಕ್ಕಿಯಲ್ಲಿಯೇ ಅವರ ದಾಸೋಹ ನಡೆಯುತ್ತಿತ್ತು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ತಂದರು. ಸಾಮಾನ್ಯ ಗೃಹಿಣಿಯಾಗಿದ್ದರೆ ಶಿವನ ಕೃಪೆಯೆಂದು ಮಡಕೆಗೆ ತುಂಬಿಕೊಳ್ಳಬಹುದಾಗಿತ್ತು. ಲಕ್ಕಮ್ಮನವರು ಹಾಗೆ ಮಾಡಲಿಲ್ಲ. ದಿನದ ಅಳತೆಗೆ ಮೀರಿದ್ದು ಮನೆಗೆ ಸಲ್ಲದೆಂದು ನಿರ್ಣಯಿಸಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು.

ಈ ಪ್ರಸಂಗವನ್ನು ಅಪರಿಗ್ರಹದ ದೃಷ್ಟಾಂತವೆಂದು ಹೇಳಿ ಮುಗಿಸುವುದು ರೂಢಿ. ಆದರೆ ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಕ್ಕಿ ಹೆಚ್ಚಾಗಿದೆ ಎಂಬುದು ಲಕ್ಕಮ್ಮನವರಿಗೆ ತಿಳಿದದ್ದು ಹೇಗೆ? ದಿನದ ಅಳತೆ ಅವರಿಗೆ ಖಚಿತವಾಗಿ ಗೊತ್ತಿದ್ದುದರಿಂದ. ತನಗೆ ಎಷ್ಟು ಸಲ್ಲುತ್ತದೆ ಎಂಬುದನ್ನು ಅರಿಯದವನು ಹೆಚ್ಚಾದುದನ್ನು ಹಿಂದಿರುಗಿಸಲಾರ. ಏಕೆಂದರೆ ಅವನ ಲೆಕ್ಕದಲ್ಲಿ ಹೆಚ್ಚೆಂಬುದೇ ಇರುವುದಿಲ್ಲ. ಒಂದು ವರ್ಷದ ಅವಧಿಯಲ್ಲಿ ಮುಂದಾಳಿನ ಕಡೆಗೆ ಅವನದಲ್ಲದ ಎಷ್ಟೋ ಸಂಗತಿಗಳು ಹರಿದು ಬಂದಿರುತ್ತವೆ. ಸಂಸ್ಥೆಯ ವಾಹನವು ಮನೆಯ ಕೆಲಸಕ್ಕೆ ಓಡಿರುತ್ತದೆ. ಇತರರು ದುಡಿದ ಕೆಲಸದ ಕೀರ್ತಿಯು ಅವನ ಹೆಸರಿಗೆ ಜಮೆಯಾಗಿರುತ್ತದೆ. ಭಕ್ತರು ಪೀಠಕ್ಕೆಂದು ಬಾಗಿಸಿದ ತಲೆಯನ್ನು ಅವನು ತನಗೆಂದು ಭಾವಿಸಿರುತ್ತಾನೆ. ಇವೆಲ್ಲವೂ ದಿನದ ಅಳತೆಗೆ ಮೀರಿದ ಅಕ್ಕಿಯೇ. ವರ್ಷದ ಕಡೆಯಲ್ಲಿ ಇವುಗಳನ್ನು ಆಯಾ ಸ್ಥಳಕ್ಕೆ ಸುರಿದು ಬರಬೇಕು: ವಾಹನದ ಖರ್ಚನ್ನು ಕಟ್ಟಬೇಕು, ಕೀರ್ತಿಯು ಸಲ್ಲಬೇಕಾದವರ ಹೆಸರನ್ನು ಸಭೆಯಲ್ಲಿ ಬಾಯಿತುಂಬ ಹೇಳಬೇಕು, ಬಾಗಿದ ತಲೆಗಳ ಮುಂದೆ ತಾನೂ ತಲೆಬಾಗಬೇಕು.

ಮೂರನೆಯ ಪಾಠವು ಬಸವಣ್ಣನವರದೇ. ಕಳಚುರಿ ಬಿಜ್ಜಳನ ಆಡಳಿತದಲ್ಲಿ ಅವರು ಭಂಡಾರದ ಹೊಣೆಯನ್ನು ಹೊತ್ತಿದ್ದರು. ಒಂದು ಕೈಯಲ್ಲಿ ಅರಸನ ಬೊಕ್ಕಸ, ಇನ್ನೊಂದು ಕೈಯಲ್ಲಿ ಮಹಾಮನೆಯ ದಾಸೋಹ. ಈ ಎರಡೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದಾಗ ಜನರ ನಾಲಗೆ ಸುಮ್ಮನಿರಲು ಸಾಧ್ಯವಿಲ್ಲ. ಅರಸನ ಹಣವೇ ಜಂಗಮರ ಊಟಕ್ಕೆ ಹೋಗುತ್ತಿದೆ ಎಂಬ ದೂರು ಬಿಜ್ಜಳನ ಕಿವಿಗೆ ಬಿದ್ದಿತು. ಈ ಪ್ರಸಂಗವು ಬಸವಪುರಾಣದ ಪರಂಪರೆಯಲ್ಲಿ ಹರಿದು ಬಂದಿದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡ ಬಸವಪುರಾಣವನ್ನು ಪೂರೈಸಿದನು. ಭಂಡಾರವನ್ನು ತೆರೆದು ಎಣಿಸಿದಾಗ ಒಂದು ನಾಣ್ಯವೂ ಕಡಿಮೆಯಿರಲಿಲ್ಲವೆಂಬುದು ಅಲ್ಲಿಯ ನಿರೂಪಣೆ. ಪುರಾಣವು ಅದನ್ನು ಪವಾಡವೆಂಬಂತೆ ಹೇಳುತ್ತದೆ.

ಪವಾಡವನ್ನು ನಂಬುವವರು ನಂಬಲಿ. ಆದರೆ ಪವಾಡಕ್ಕಿಂತ ಮೊದಲು ನಡೆದುದನ್ನು ಗಮನಿಸುವುದು ಅಗತ್ಯ. ದೂರು ಬಂದಾಗ ಬಸವಣ್ಣನವರು ತಮ್ಮ ಭಕ್ತಿಯನ್ನು ಗುರಾಣಿಯಾಗಿ ಹಿಡಿಯಲಿಲ್ಲ. ದಾಸೋಹದಂಥ ಪವಿತ್ರ ಕಾರ್ಯದ ಮೇಲೆ ಸಂಶಯವೇ ಎಂದು ದೂರಿದವರ ಬಾಯಿ ಮುಚ್ಚಿಸಲಿಲ್ಲ. ಪೆಟ್ಟಿಗೆಗಳನ್ನು ತೆರೆದು ಎಣಿಸಲು ಬಿಟ್ಟರು. ಇಂದಿನ ಎಷ್ಟೋ ಧಾರ್ಮಿಕ ಮತ್ತು ಶೈಕ್ಷಣಿಕ ಸಂಸ್ಥೆಗಳಲ್ಲಿ ಲೆಕ್ಕವನ್ನು ಕೇಳಿದವನಿಗೆ ದೊರೆಯುವ ಉತ್ತರವು ಬೇರೆಯೇ ಆಗಿರುತ್ತದೆ. ಕೇಳಿದವನ ಶ್ರದ್ಧೆಯನ್ನೇ ಪ್ರಶ್ನಿಸಲಾಗುತ್ತದೆ, ಅವನು ಯಾರ ಕಡೆಯವನು ಎಂದು ವಿಚಾರಿಸಲಾಗುತ್ತದೆ, ಮುಂದಿನ ಸಭೆಗೆ ಅವನಿಗೆ ಆಮಂತ್ರಣವೇ ಹೋಗುವುದಿಲ್ಲ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ. ತನ್ನ ಬೆವರಿನ ಹಣದಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಒಪ್ಪಿಸಿದವನು ಅದು ಸಲ್ಲಬೇಕಾದಲ್ಲಿ ಸಂದಿತೇ ಎಂದು ತಿಳಿಯಬಯಸುವುದು ದಾಸೋಹದ ಭಾಗವೇ ಆಗಿದೆ.

ಈ ನಾಡಿಗೆ ಇಂಥ ಲೆಕ್ಕದ ಸಂಸ್ಕೃತಿ ಹೊಸದೇನೂ ಅಲ್ಲ. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. 1904ರ ಸಹಕಾರ ಕಾಯಿದೆಯ ಮರುವರ್ಷವೇ ಹುಟ್ಟಿದ ಆ ಸಂಘವು ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲೊಂದು. ಸಾಲಗಾರನ ಬಾಗಿಲಲ್ಲಿ ಸಾಹುಕಾರನ ಮಾತೇ ಲೆಕ್ಕವಾಗಿದ್ದ ಆ ಕಾಲದಲ್ಲಿ, ರೈತರೇ ಸದಸ್ಯರಾಗಿ, ಪುಸ್ತಕವನ್ನು ಎಲ್ಲರ ಮುಂದೆ ಇಟ್ಟು, ವರ್ಷಕ್ಕೊಮ್ಮೆ ಸಭೆ ಸೇರಿ ಜಮಾಖರ್ಚನ್ನು ಒಪ್ಪುವ ಪದ್ಧತಿಯನ್ನು ಸಹಕಾರ ಸಂಘಗಳು ಹಳ್ಳಿಗೆ ತಂದವು. ವಿಜಾಪುರದಲ್ಲಿ ವಚನ ಪಿತಾಮಹ ಫ. ಗು. ಹಳಕಟ್ಟಿಯವರು ಸಹ ಇದೇ ದಾರಿಯವರು. 1910ರಲ್ಲಿ ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ, 1926ರಲ್ಲಿ ಶಿವಾನುಭವ ಪತ್ರಿಕೆ: ಇಷ್ಟೆಲ್ಲ ಸಂಸ್ಥೆಗಳ ನಡುವೆ ನಿಂತ ಆ ವಕೀಲರು ವಚನಗಳನ್ನು ಅಚ್ಚು ಹಾಕಿಸುವುದಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿದರು. ಬ್ಯಾಂಕು ಕಟ್ಟಿದವರು ತಮಗಾಗಿ ಏನನ್ನೂ ಉಳಿಸಿಕೊಳ್ಳಲಿಲ್ಲ. ಸಾರ್ವಜನಿಕ ಹಣ ಬೇರೆ, ಸ್ವಂತ ಹಣ ಬೇರೆ ಎಂಬ ಗೆರೆ ಅವರಲ್ಲಿ ಸ್ಪಷ್ಟವಾಗಿತ್ತು. ಆ ಗೆರೆಯನ್ನು ಅವರು ದಾಟಿದ್ದು ಸ್ವಂತದಿಂದ ಸಾರ್ವಜನಿಕದ ಕಡೆಗೆ ಮಾತ್ರ.

ಇನ್ನು ಹಣದ ಪುಸ್ತಕದಲ್ಲಿ ಕಾಣದ ಬಾಕಿಗಳ ವಿಚಾರ. ಲೆಕ್ಕ ಬರೆಯುವವರಿಗೆ ಉಚಂತಿ ಎಂಬ ಖಾತೆ ಪರಿಚಿತವಾದದ್ದು. ಯಾವ ಬಾಬಿಗೆ ಸೇರಿಸಬೇಕೆಂಬುದು ಇನ್ನೂ ತೀರ್ಮಾನವಾಗದ ಮೊಬಲಗನ್ನು ತಾತ್ಕಾಲಿಕವಾಗಿ ಅಲ್ಲಿ ಬರೆದಿಡುತ್ತಾರೆ. ವರ್ಷದ ಕಡೆಯಲ್ಲಿ ಆ ಖಾತೆ ಶೂನ್ಯವಾಗಬೇಕು; ಪ್ರತಿ ಮೊಬಲಗೂ ತನ್ನ ಸ್ಥಾನವನ್ನು ಸೇರಬೇಕು. ವರ್ಷ ವರ್ಷಕ್ಕೂ ಉಚಂತಿ ಬೆಳೆಯುತ್ತಾ ಹೋದರೆ ಲೆಕ್ಕ ಪರಿಶೋಧಕರ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಮುಂದಾಳಿನ ಮಾತುಗಳಿಗೂ ಇಂಥದೊಂದು ಉಚಂತಿ ಖಾತೆ ಇರುತ್ತದೆ. ನೋಡೋಣ ಎಂದು ಹೇಳಿ ಕಳುಹಿಸಿದ ವಿದ್ಯಾರ್ಥಿಯ ಶುಲ್ಕ ವಿನಾಯಿತಿಯ ಅರ್ಜಿ, ಬರುವ ತಿಂಗಳು ಖಾಯಂ ಮಾಡೋಣ ಎಂದು ಮೂರು ವರ್ಷಗಳಿಂದ ಹೇಳಿಸಿಕೊಳ್ಳುತ್ತಿರುವ ಅತಿಥಿ ಶಿಕ್ಷಕಿ, ವಿಚಾರಿಸೋಣ ಎಂದು ಮುಂದೂಡಿದ ಒಬ್ಬ ತಾಯಿಯ ದೂರು, ಇಬ್ಬರು ಕಾರ್ಯಕರ್ತರ ಮನಸ್ತಾಪ, ತಾನು ಸಿಟ್ಟಿನ ಭರದಲ್ಲಿ ಆಡಿ ಹಿಂದಕ್ಕೆ ಪಡೆಯದ ಕಟುನುಡಿ. ಆಗುತ್ತದೆ ಎಂದೂ ಹೇಳದೆ, ಆಗದು ಎಂದೂ ಹೇಳದೆ ತೂಗುಹಾಕಿದ ಸಂಗತಿಗಳಿವು. ಹೇಳಿದವನು ಮರೆತಿರುತ್ತಾನೆ, ಕೇಳಿಸಿಕೊಂಡವರು ಪ್ರತಿದಿನವೂ ಅದನ್ನು ನೆನೆಯುತ್ತಿರುತ್ತಾರೆ.

ನುಡಿ ಮತ್ತು ನಡೆ ಒಂದಾಗಿರಬೇಕೆಂಬುದು ವಚನಧರ್ಮದ ತಳಹದಿ. ಸುಳ್ಳಾಡುವವನು ಮಾತ್ರ ಆ ತಳಹದಿಯನ್ನು ಅಲುಗಿಸುತ್ತಾನೆ ಎಂದು ಭಾವಿಸುವುದು ಸರಿಯಲ್ಲ. ಮಾತನ್ನು ತೂಗುಹಾಕುವವನು ಅದನ್ನು ಇನ್ನೂ ಹೆಚ್ಚಾಗಿ ಸವೆಸುತ್ತಾನೆ. ಸುಳ್ಳು ಒಂದು ದಿನ ಬಯಲಾಗುತ್ತದೆ. ತೂಗುಹಾಕಿದ ಮಾತು ಎಂದೂ ಬಯಲಾಗದೆ ಒಬ್ಬ ಮನುಷ್ಯನ ಆಯುಷ್ಯವನ್ನು ತಿನ್ನುತ್ತದೆ. ಆದುದರಿಂದ ವರ್ಷದ ಕಡೆಯಲ್ಲಿ ಮಾತಿನ ಉಚಂತಿಯನ್ನು ತೀರಿಸುವುದು ಅತ್ಯಗತ್ಯ. ಆಗುವುದನ್ನು ಮಾಡಿ ಮುಗಿಸಬೇಕು. ಆಗದಿದ್ದುದನ್ನು ಆಗದೆಂದು, ಕಾರಣಸಹಿತವಾಗಿ, ಎದುರಿಗೆ ಕುಳ್ಳಿರಿಸಿಕೊಂಡು ಹೇಳಬೇಕು. ಇಲ್ಲವೆಂಬ ನೇರವಾದ ಮಾತು ಕಹಿಯಾಗಿರಬಹುದು. ಆದರೆ ಅದು ಕೇಳಿದವರಿಗೆ ಬೇರೆ ದಾರಿಯನ್ನು ಹುಡುಕುವ ಬಿಡುಗಡೆಯನ್ನು ನೀಡುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ದಾಸೋಹವೆಂದರೆ ಲೆಕ್ಕವಿಡದೆ ನೀಡುವುದಲ್ಲವೇ? ಎಣಿಸಿ ನೀಡುವವನಲ್ಲಿ ನಾನು ನೀಡಿದೆನೆಂಬ ಅಹಂಕಾರ ಹುಟ್ಟುವುದಿಲ್ಲವೇ? ಭಕ್ತಿಯನ್ನು ಕಿರ್ದಿ ಖಾತೆಗಳ ಮಟ್ಟಕ್ಕೆ ಇಳಿಸುವುದು ಸರಿಯೇ? ಆಕ್ಷೇಪದಲ್ಲಿ ಸತ್ಯಾಂಶವಿದೆ. ನೀಡಿದುದನ್ನು ಎಣಿಸುವವನ ದಾಸೋಹವು ವ್ಯಾಪಾರವಾಗುತ್ತದೆ ಎಂಬ ಎಚ್ಚರವನ್ನು ಶರಣರು ಮತ್ತೆ ಮತ್ತೆ ನೀಡಿದ್ದಾರೆ. ಅಮೃತಶಿಲೆಯ ಫಲಕದ ಮೇಲೆ ದಾನಿಯ ಹೆಸರು ದೇವರ ಹೆಸರಿಗಿಂತ ದೊಡ್ಡದಾಗಿ ಕಾಣುವ ಕಾಲದಲ್ಲಿ ಆ ಎಚ್ಚರವು ಇನ್ನೂ ಹೆಚ್ಚು ಬೇಕಾಗಿದೆ. ಆದರೆ ಇಲ್ಲಿ ಹೇಳುತ್ತಿರುವ ಲೆಕ್ಕವು ನೀಡಿದ್ದರದಲ್ಲ, ಪಡೆದದ್ದರದು. ತಾನು ಎಷ್ಟು ಕೊಟ್ಟೆನೆಂದು ಎಣಿಸಿದರೆ ಅಹಂಕಾರ ಬೆಳೆಯುತ್ತದೆ. ತಾನು ಎಷ್ಟು ಜನರಿಂದ ಏನೇನು ಪಡೆದೆ, ಅದರಲ್ಲಿ ಎಷ್ಟು ತೀರಿತು, ಎಷ್ಟು ಉಳಿಯಿತು ಎಂದು ಎಣಿಸಿದರೆ ಅಹಂಕಾರವು ಕರಗುತ್ತದೆ. ಎರಡೂ ಲೆಕ್ಕವೇ, ಒಂದು ತಲೆಯನ್ನು ಎತ್ತಿಸುತ್ತದೆ, ಇನ್ನೊಂದು ತಗ್ಗಿಸುತ್ತದೆ.

ಇನ್ನೊಂದು ಆಕ್ಷೇಪವೂ ಉಂಟು. ಕಾಯಕಕ್ಕೆ ಕೊನೆಯೆಂಬುದಿಲ್ಲ, ನಿತ್ಯವೂ ಎಚ್ಚರದಿಂದ ಇರುವವನಿಗೆ ವರ್ಷಕ್ಕೊಮ್ಮೆಯ ಲೆಕ್ಕವೇಕೆ ಎಂದು ಕೇಳುವವರಿದ್ದಾರೆ. ನಿತ್ಯವೂ ಎಚ್ಚರದಿಂದ ಇರುವ ಶರಣನಿಗೆ ನಿಜಕ್ಕೂ ಬೇಡ. ಆದರೆ ಕಾಯಕನಿಷ್ಠರಾದ ಮಾರಯ್ಯನವರೇ ಒಮ್ಮೆ ಅನುಭವ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ಲಕ್ಕಮ್ಮನವರು ಎಚ್ಚರಿಸಬೇಕಾಯಿತು. ಅಂಥವರಿಗೇ ಎಚ್ಚರಿಸುವವರು ಬೇಕಾದರೆ, ದಿನಕ್ಕೆ ಮೂರು ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳುವ ಇಂದಿನ ಮುಂದಾಳಿಗೆ ವರ್ಷಕ್ಕೊಂದು ಲೆಕ್ಕದ ದಿನವಾದರೂ ಬೇಡವೇ?

ಕಡೆಯ ಪಾಠವು ಬಿಟ್ಟುಕೊಡುವುದರ ಕುರಿತಾದದ್ದು. ಇದಕ್ಕೆ ಹನ್ನೆರಡನೆಯ ಶತಮಾನದವರೆಗೆ ಹೋಗಬೇಕಾಗಿಲ್ಲ. ಈ ಕಾಲದ ಜನರು ಕಣ್ಣಾರೆ ಕಂಡ ಇಬ್ಬರು ಪೂಜ್ಯರ ಬದುಕೇ ಸಾಕು. ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಮಹಾಸ್ವಾಮಿಗಳು 1941ರಲ್ಲಿ ಮಠದ ಹೊಣೆಯನ್ನು ಹೊತ್ತು, ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡುತ್ತಾ ಬಂದರು. ತಮ್ಮ ಉತ್ತರಾಧಿಕಾರಿಯನ್ನು ಅವರು ಬಹಳ ವರ್ಷಗಳ ಮುಂಚೆಯೇ ಗೊತ್ತುಮಾಡಿ, ಆಡಳಿತದ ಭಾರವನ್ನು ಜೀವಿತ ಕಾಲದಲ್ಲಿಯೇ ಒಪ್ಪಿಸಿದ್ದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಆ ಸುದ್ದಿಯನ್ನು ಪ್ರಕಟಿಸಲಿಲ್ಲ. ಅದು ಪೂಜ್ಯರ ಇಚ್ಛೆಯೇ ಆಗಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ತನ್ನ ಸಾವಿನಿಂದಲೂ ಒಂದು ಮಗುವಿನ ತುತ್ತು ತಪ್ಪಬಾರದೆಂಬ ಲೆಕ್ಕ ಅದು. ದಾಸೋಹದ ಪುಸ್ತಕವನ್ನು ಇದಕ್ಕಿಂತ ಶುದ್ಧವಾಗಿ ಮುಗಿಸಿದವರನ್ನು ಕಾಣುವುದು ಕಷ್ಟ.

ವಿಜಾಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹವನ್ನು ತ್ಯಜಿಸಿದರು. ಹೊಸ ವರ್ಷದ ಎರಡನೆಯ ದಿನ ಅದು. ಆದರೆ ಅವರ ಲೆಕ್ಕವು ಅದಕ್ಕಿಂತ ಬಹಳ ಮೊದಲೇ ಮುಗಿದಿತ್ತು. 2014ರ ಗುರುಪೂರ್ಣಿಮೆಯಂದೇ ಅವರು ತಮ್ಮ ಅಂತಿಮ ಪತ್ರವನ್ನು ಬರೆದಿರಿಸಿದ್ದರು. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನೀರಿನಲ್ಲಿ ಬಿಡಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂಬುದು ಅದರ ಆಶಯವಾಗಿತ್ತು. 2018ರಲ್ಲಿ ಬಂದ ಪದ್ಮಶ್ರೀ ಪ್ರಶಸ್ತಿಯನ್ನು ಅವರು ವಿನಯದಿಂದಲೇ ಹಿಂದಿರುಗಿಸಿದರು. ಅವರ ಅಂಗಿಗೆ ಜೇಬಿರಲಿಲ್ಲವೆಂಬುದು ನಾಡಿಗೆಲ್ಲ ಗೊತ್ತಿದ್ದ ಸಂಗತಿ. ಇರಿಸಿಕೊಳ್ಳುವ ಜಾಗವೇ ಇಲ್ಲದವನಿಗೆ ಹೆಚ್ಚಾದುದನ್ನು ಹಿಂದಿರುಗಿಸುವ ಪ್ರಮೇಯವೂ ಬಾರದು. ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಅಕ್ಕಿಗೂ ಆ ಜೇಬಿಲ್ಲದ ಅಂಗಿಗೂ ನಡುವೆ ಎಂಟುನೂರು ವರ್ಷಗಳಿಗೂ ಮೀರಿದ ಅಂತರವಿದ್ದರೂ ಎರಡರ ಹಿಂದಿನ ಮನಸ್ಸು ಒಂದೇ.

ಎಲ್ಲ ಮುಂದಾಳುಗಳೂ ಈ ಎತ್ತರಕ್ಕೆ ಏರಲಾರರು. ಏರಬೇಕೆಂದು ನಿರೀಕ್ಷಿಸುವುದೂ ಸಲ್ಲದು. ಆದರೆ ವರ್ಷದ ಕಡೆಯ ವಾರದಲ್ಲಿ ಮಾಡಬಹುದಾದ ಕೆಲವು ಕೆಲಸಗಳು ಯಾರ ಅಳವಿಗೂ ಮೀರಿದವಲ್ಲ. ಮೊದಲನೆಯದಾಗಿ, ಸಂಸ್ಥೆಯಲ್ಲಿ ದುಡಿಯುವವರ ಬಾಕಿಯನ್ನು ಚುಕ್ತಾ ಮಾಡಬೇಕು; ಅತ್ಯಂತ ಕಡಿಮೆ ಸಂಬಳದವರಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಎರಡನೆಯದಾಗಿ, ಜಮಾಖರ್ಚಿನ ಪಟ್ಟಿಯನ್ನು ಓದಬಲ್ಲ ಅಕ್ಷರದಲ್ಲಿ, ಕನ್ನಡದಲ್ಲಿ, ಎಲ್ಲರೂ ಓಡಾಡುವ ಜಾಗದಲ್ಲಿ ಅಂಟಿಸಬೇಕು. ಮೂರನೆಯದಾಗಿ, ತೂಗುಹಾಕಿದ ಮಾತುಗಳ ಪಟ್ಟಿಯನ್ನು ತನ್ನ ಕೈಯಿಂದಲೇ ಬರೆದು ಒಂದೊಂದಕ್ಕೂ ಆಗುತ್ತದೆ ಅಥವಾ ಆಗದು ಎಂಬ ಉತ್ತರವನ್ನು ನೀಡಬೇಕು. ನಾಲ್ಕನೆಯದಾಗಿ, ತನ್ನನ್ನು ಹೊಗಳದ ಒಬ್ಬರನ್ನಾದರೂ ಕರೆದು ಈ ವರ್ಷ ಎಲ್ಲಿ ಎಡವಲಾಯಿತೆಂದು ಕೇಳಬೇಕು. ಕೇಳಿ, ಸಮಜಾಯಿಷಿ ನೀಡದೆ ಸುಮ್ಮನಿರಬೇಕು. ಐದನೆಯದಾಗಿ, ನಾಳೆ ತಾನು ಇಲ್ಲದಿದ್ದರೆ ಈ ಕೆಲಸವನ್ನು ಯಾರು ನಡೆಸುವರೆಂದು ಯೋಚಿಸಿ, ಕೀಲಿಕೈ ಎಲ್ಲಿದೆ, ಕಾಗದಪತ್ರ ಎಲ್ಲಿದೆ ಎಂಬುದನ್ನು ಇನ್ನೊಬ್ಬರಿಗೆ ತಿಳಿಸಿರಬೇಕು.

ಈ ಐದರಲ್ಲಿ ವೇದಿಕೆಯನ್ನು ಬೇಡುವ ಕೆಲಸ ಒಂದೂ ಇಲ್ಲ. ಛಾಯಾಚಿತ್ರಕ್ಕೆ ಒದಗುವ ಕೆಲಸವೂ ಇಲ್ಲ. ಆದರೆ ಇವುಗಳನ್ನು ಮಾಡಿದವನ ಮುಂದೆ ಕುಳಿತು ಪ್ರಸಾದ ಸ್ವೀಕರಿಸುವ ಭಕ್ತನಿಗೆ ಆ ತುತ್ತಿನ ರುಚಿಯಲ್ಲಿ ವ್ಯತ್ಯಾಸ ತಿಳಿಯುತ್ತದೆ. ಅಡುಗೆಯ ತಾಯಿಗೆ ಆಕೆಯ ಸಂಬಳ ಸಂದಿದೆ, ಬಂದ ಕಾಣಿಕೆ ಸಲ್ಲಬೇಕಾದಲ್ಲಿ ಸಂದಿದೆ, ಆಡಿದ ಮಾತು ತೀರಿದೆ ಎಂಬ ನೆಮ್ಮದಿಯು ಪಂಕ್ತಿಯ ಕೊನೆಯವರೆಗೆ ಹರಡುತ್ತದೆ.

ಪುಸ್ತಕದ ಕೊನೆಯ ಪುಟದಲ್ಲಿ ಅಖೈರು ಶಿಲ್ಕು ಎಂದು ಬರೆಯುವ ಮೊತ್ತವೇ ಮರುದಿನದ ಪುಟದಲ್ಲಿ ಆರಂಭದ ಶಿಲ್ಕು ಆಗುತ್ತದೆ. ಹಳೆಯ ವರ್ಷದಲ್ಲಿ ತೀರದ ಋಣವು ಹೊಸ ವರ್ಷದ ಮೊದಲ ಸಾಲಿನಲ್ಲಿಯೇ ಕಾಯುತ್ತಿರುತ್ತದೆ. ಅದರ ಮೇಲೆ ಎಷ್ಟು ಸಂಕಲ್ಪಗಳನ್ನು ಬರೆದರೂ ಅದು ಅಳಿಸಿಹೋಗದು. ಮುಂದಾಳುತನದ ಹೊಣೆ ಹೊತ್ತ ಶರಣಬಂಧುಗಳು ಸಂಕಲ್ಪಗಳ ಪಟ್ಟಿಯನ್ನು ಒಂದು ವಾರ ಮುಂದಕ್ಕೆ ಹಾಕಿ, ಋಣಗಳ ಪಟ್ಟಿಯನ್ನು ಇಂದೇ ಬರೆಯಲು ಕುಳಿತುಕೊಳ್ಳಲಿ. ತೀರಿಸುವ ಶಕ್ತಿಯನ್ನು ಬಸವಾದಿ ಶರಣರು ಕರುಣಿಸಲಿ.